ಇಂಡಾಫ್ ಸಂಬಂಧ

ಸಮೇತನಹಳ್ಳಿಯ ನಮ್ಮ ಮನೆಯಲ್ಲಿ ಮಕ್ಕಳು ಹುಟ್ಟಿದಾಗಲೂ ಅಷ್ಟು ಸಲ ತೂಕ ನೋಡಿರಲಿಲ್ಲ. 2024ರ ಡಿಸೆಂಬರಿನಲ್ಲಿ ಅತ್ತೆಯನ್ನು ಜಿಂಬಾಬ್ವೆಯ ಹರಾರೆಗೆ ಕರೆದುಕೊಂಡು ಹೊರಟಾಗ ಅವರ ಸೂಟ್‌ಕೇಸನ್ನು ಏಳು ಸಲ ತಕ್ಕಡಿಗೆ ನೇತುಹಾಕಿದೆವು. ಏಳು ಸಲವೂ ಮೂರು ಕೆಜಿ ಜಾಸ್ತಿ. ಹೊರಗೆ ಬಂದದ್ದು ಎರಡು ಸೀರೆ, ಶಾಲು, ಸ್ವೆಟರ್. ಅಲುಗಾಡದೆ ಒಳಗೇ ಕೂತದ್ದು ಹೊಸಕೋಟೆಯ ಮಿಲ್ಲಿನಲ್ಲಿ ಬೀಸಿಸಿದ ಹತ್ತು ಕೆಜಿ ರಾಗಿಹಿಟ್ಟು.

"ಅಲ್ಲೂ ಸಿಗುತ್ತೆ ಅತ್ತೆ, ಇಂಡಿಯನ್ ಅಂಗಡೀಲಿ," ಎಂದೆ.

"ಅಂಗಡಿ ಹಿಟ್ಟು ತಿಂದೇ ನನ್ನ ಮಗ ಹಿಂಗೆ ಸೊರಗೋಗಿರೋದು," ಎಂದರು. ಸೊರಗಿದ ಮಗನ ತೂಕ ಆಗ 94 ಕೆಜಿ. ಅವರನ್ನು ತಕ್ಕಡಿಗೆ ನೇತುಹಾಕುವಂತಿರಲಿಲ್ಲ, ಅಷ್ಟೆ.

ಆಡಿಸ್ ಅಬಾಬಾದಲ್ಲಿ ವಿಮಾನ ಬದಲಿಸಿ ಹರಾರೆಯಲ್ಲಿ ಇಳಿದೆವು. ಕಸ್ಟಮ್ಸ್‌ನ ಹೆಂಗಸೊಬ್ಬರು ಸೂಟ್‌ಕೇಸ್ ತೆಗೆಸಿದರು. ಬೂದು ಬಣ್ಣದ ಪುಡಿ, ಹತ್ತು ಕೆಜಿ, ಮೇಲೆ ಹೆಸರಿಲ್ಲ, ಚೀಟಿಯಿಲ್ಲ. ನನ್ನ ಕೈಕಾಲು ತಣ್ಣಗಾದವು. ಆಕೆ ಒಂದು ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿದರು, ಮೂಸಿದರು, ಪಕ್ಕದವರನ್ನು ಕರೆದರು. ಅವರೂ ಮೂಸಿದರು. ಆಮೇಲೆ ಇಬ್ಬರೂ ಮುಖವರಳಿಸಿ "ರಪೋಕೊ!" ಎಂದರು. ಅತ್ತೆಯತ್ತ ತಿರುಗಿ, "ಗೋಗೊ" ಎಂದು ಪ್ರೀತಿಯಿಂದ ಬಾಗಿಲು ತೋರಿಸಿದರು.

ಅತ್ತೆ ಅಲ್ಲೇ ನಿಂತರು. "ಗೋ ಗೋ ಅಂದ್ರೆ ಹೋಗ್ ಹೋಗು ಅಂತ ಅಲ್ವೇನಮ್ಮ? ಇನ್ನೂ ಕಾಲೇ ಇಟ್ಟಿಲ್ಲ, ಆಗ್ಲೇ ಓಡುಸ್ತಾವ್ಳೆ!"

ಗೋಗೊ ಎಂದರೆ ಇಲ್ಲಿ ಅಜ್ಜಿ, ಹಿರಿಯರನ್ನು ಮರ್ಯಾದೆಯಿಂದ ಕರೆಯುವುದು ಹಾಗೇ ಎಂದು ಸಮಾಧಾನ ಮಾಡಿದೆ. "ಸರಿ, ಆ ರಪೋಕೊ ಅಂದ್ರೇನು?" ಎಂದರು. ಅದು ನನಗೆ ಗೊತ್ತಿರಲಿಲ್ಲ.

ಹರಾರೆಗೆ ಬಂದು ನಮಗೆ ಆರು ವರ್ಷ. ಎತ್ತರದ ಕಾಂಪೌಂಡು, ಅದರ ಮೇಲೆ ಕರೆಂಟಿನ ತಂತಿ, ರಿಮೋಟಿನ ಗೇಟು, ಗೇಟಿನಿಂದ ಆಫೀಸು, ಆಫೀಸಿನಿಂದ ಇಂಡಿಯನ್ ಅಂಗಡಿ. ಈ ಆರು ವರ್ಷದಲ್ಲಿ ನಾವು ಕಲಿತದ್ದು ಎರಡು ಮಾತು. ಒಂದು, ರೋಬೋಟ್. "ಎರಡನೇ ರೋಬೋಟ್ ಹತ್ತಿರ ಎಡಕ್ಕೆ ತಿರುಗಿ" ಎಂದರೆ ಗಾಬರಿಯಾಗಬೇಕಿಲ್ಲ, ಅದು ಟ್ರಾಫಿಕ್ ಸಿಗ್ನಲ್ಲು. ಎರಡು, ಜಸ್ಟ್ ನೌ. ಪ್ಲಂಬರ್ "ಜಸ್ಟ್ ನೌ ಬರ್ತೀನಿ" ಎಂದರೆ ಸಂಜೆ ಬರಬಹುದು, ನಾಳೆಯೂ ಬರಬಹುದು. ಇದನ್ನು ಕೇಳಿ ನಾನು ಹಲುಬುತ್ತಿದ್ದರೆ ಅತ್ತೆಗೆ ಏನೂ ಅನ್ನಿಸಲಿಲ್ಲ. "ನನ್ ಮಗನೂ ಸ್ನಾನದ ಮನೇಲಿ ನಿಂತ್ಕೊಂಡು ಈಗ್ ಬಂದೆ, ಈಗ್ ಬಂದೆ ಅಂತಾನೆ. ಬಂದಿರ್ತಾನಾ?" ಎಂದರು.

ಮಾರನೇ ದಿನದಿಂದ ಅತ್ತೆಯ ಊರು ನೋಡುವ ಕೆಲಸ ಶುರುವಾಯಿತು. ಮೊದಲು ಹಿತ್ತಲಿನ ನೀರಿನ ತೊಟ್ಟಿ. ನಮ್ಮಲ್ಲಿ ಸಿಂಟೆಕ್ಸ್ ಅನ್ನುವ ಹಾಗೆ ಇಲ್ಲಿ ಅದಕ್ಕೆ ಜೋಜೋ ಟ್ಯಾಂಕ್ ಅನ್ನುತ್ತಾರೆ. "ನೀರಿಗೂ ಜೋಗುಳ ಹಾಡಿ ಮಲಗಿಸ್ತೀರಾ?" ಎಂದು ನಕ್ಕರು. ಬೋರ್‌ವೆಲ್ ಎಷ್ಟು ಅಡಿ ಎಂದು ಕೇಳಿದರು. ಇನ್ನೂರು ಎಂದೆ. ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ಸಾವಿರ ಅಡಿ ಕೊರೆಸಿ ಧೂಳು ನೋಡಿದ ಹೊಸಕೋಟೆ ಸೀಮೆಯವರ ಮೌನ ಅದು.

ಮಳೆಗಾಲ. ಹರಾರೆಯಲ್ಲಿ ಖಾಲಿ ಸೈಟು, ರಸ್ತೆ ಪಕ್ಕದ ಒಂದು ಗೇಣು ಮಣ್ಣು ಸಿಕ್ಕಿದರೂ ಜನ ಮುಸುಕಿನ ಜೋಳ ಹಾಕುತ್ತಾರೆ. ಅತ್ತೆ ಕಾರಿನ ಕಿಟಕಿಗೆ ಮೂಗು ಒತ್ತಿ ನೋಡಿದರು. ವೈಟ್‌ಫೀಲ್ಡ್ ಕಡೆಯಿಂದ ಲೇಔಟು ಒತ್ತಿಕೊಂಡು ಬಂದು ನಮ್ಮೂರ ಹೊಲಗಳಲ್ಲಿ ಸೈಟಿನ ಕಲ್ಲು ನೆಟ್ಟಿರುವುದನ್ನು ದಿನಾ ಕಂಡ ಕಣ್ಣು. "ನಮ್ಮೂರಾಗೆ ಹೊಲದಲ್ಲಿ ಮನೆ. ಇಲ್ಲಿ ಮನೆ ಮುಂದೆ ಹೊಲ. ಯಾರಮ್ಮ ಫಾರಿನ್ನು?" ಎಂದರು.

ವಾರದೊಳಗೆ ಅವರು ಗೇಟು ತೆಗೆಸಿ, ಸೆರಗು ಸಿಕ್ಕಿಸಿಕೊಂಡು, ರಸ್ತೆ ಬದಿಯಲ್ಲಿ ಸೊಪ್ಪು ಕೀಳಲು ನಿಂತರು. ಕೀರೆ ಸೊಪ್ಪು ಸೊಂಪಾಗಿ ಬೆಳೆದಿತ್ತು. ಎದುರು ಮನೆಯ ಕಾವಲುಗಾರ ಓಡಿ ಬಂದು, "ಮೇಡಂ, ನಿಮ್ಮ ಮನೆ ಗೋಗೊ ಹಸಿದಿದ್ದಾರೆ," ಎಂದ. ನಾನು ನಾಚಿ ನೀರಾದೆ. ಆ ದಿನ ಮಸ್ಸೊಪ್ಪು ಮಾತ್ರ ಅಮೃತದಂತಿತ್ತು.

ನಮ್ಮ ಮನೆಗೆಲಸಕ್ಕೆ ಬರುವಾಕೆಯನ್ನು ಎಲ್ಲರೂ ಅಮಾಯಿ ಅನ್ನುತ್ತೇವೆ. ಶೋನಾ ಭಾಷೆಯಲ್ಲಿ ಅಮ್ಮ ಎಂದರ್ಥ. ಆದರೆ ಹೊಸಕೋಟೆ ಕಡೆಯವರಿಗೆ ತೆಲುಗು ನಾಲಿಗೆಯ ತುದಿಯಲ್ಲೇ ಇರುತ್ತದೆ. "ಐವತ್ತು ದಾಟಿರೋಳನ್ನ ಅಮ್ಮಾಯಿ ಅಂತೀರಲ್ಲ, ಹುಡುಗೀನಾ ಇವ್ಳು?" ಎಂದು ಅತ್ತೆಗೆ ನಗು. ಅಮಾಯಿಗೂ ನಗು. ಯಾಕೆ ನಗುತ್ತಿದ್ದೇವೆಂದು ಇಬ್ಬರಿಗೂ ಗೊತ್ತಿಲ್ಲ. ಅಲ್ಲಿಂದ ಸ್ನೇಹ.

ಬೆಳಿಗ್ಗೆ ಅಮಾಯಿ ಬಂದವಳೇ ಮಂಡಿ ಬಗ್ಗಿಸಿ, ಬೊಗಸೆಗೈ ಮೆಲ್ಲಗೆ ತಟ್ಟಿ, ನಿದ್ದೆ ಬಂತೇ ಎಂದು ಕೇಳುತ್ತಾಳೆ. ಅದಕ್ಕೆ ಶೋನಾದಲ್ಲಿ ಸಿದ್ಧ ಉತ್ತರವಿದೆ: ನಿಮಗೆ ಬಂದಿದ್ದರೆ ನನಗೂ ಬಂದಿದೆ. ಇದನ್ನು ತಿಳಿಸಿದಾಗ ಅತ್ತೆ, "ಎಷ್ಟು ಚೆಂದಾಗೈತೆ," ಎಂದು ನನ್ನನ್ನು ನೋಡಿದರು. ಬೆಳಿಗ್ಗೆ ಎದ್ದು ನಾನು ಕೇಳುವುದು ಶುಗರ್ ಮಾತ್ರೆ ನುಂಗಿದಿರಾ ಅಂತ.

ರಪೋಕೊ ಏನೆಂದು ತಿಳಿದದ್ದು ಅಡುಗೆಮನೆಯಲ್ಲಿ. ಜಾಂಬೆಜಿ ನದಿಯ ಕರೀಬಾ ಅಣೆಕಟ್ಟಿನಲ್ಲಿ ಬರದಿಂದ ನೀರಿಳಿದು, ಹಗಲೆಲ್ಲ ಕರೆಂಟಿರದ ದಿನಗಳು. ಅತ್ತೆ ಗ್ಯಾಸಿನ ಮೇಲೆ ಎಸರಿಟ್ಟು, ಕುದಿಯುವ ನೀರಿನ ನಡುವೆ ಹಿಟ್ಟು ಗುಡ್ಡೆ ಹಾಕಿದರು. ಅಮಾಯಿ ಹಿಂದೆ ನಿಂತು ನೋಡುತ್ತಿದ್ದಳು. ಮೂಸಿದಳು. "ಜ್ವಿಯೊ!" ಎಂದಳು. ಶೋನಾದ ಜ್ವಿಯೊ, ಇಂಗ್ಲಿಷಿನವರ ಬಾಯಲ್ಲಿ ರಪೋಕೊ, ನಮ್ಮ ರಾಗಿ: ಮೂರೂ ಒಂದೇ!

ಅಷ್ಟಕ್ಕೆ ಮುಗಿಯಲಿಲ್ಲ. ಹಿಟ್ಟನ್ನು ಕಲಕದೆ ಸುಮ್ಮನೆ ಬೇಯಲು ಬಿಟ್ಟದ್ದು ಆಕೆಗೆ ಸರಿಬರಲಿಲ್ಲ. ಅವರ ಮುದ್ದೆಯಾದ ಸಾಡ್ಜಾ ಮಾಡುವ ಕ್ರಮವೇ ಬೇರೆ. ತಣ್ಣೀರಿನಲ್ಲಿ ಹಿಟ್ಟು ಕದಡಿ, ಗಂಜಿ ಕಾಯಿಸಿ, ಅದು ಕೊತಕೊತ ಕುದ್ದ ಮೇಲೆ ಮತ್ತೆ ಹಿಟ್ಟು ಸುರಿದು ತಿರುವಬೇಕು. ಓಡಿ ಹೋಗಿ ತನ್ನ ಚಪ್ಪಟೆ ಮರದ ಕೋಲು ಮುಗೊಟಿ ತಂದಳು. ಅತ್ತೆ ಪಾತ್ರೆ ಇಳಿಸಿ, ಎರಡು ಪಾದದ ನಡುವೆ ಒತ್ತಿಹಿಡಿದು, ಸಮೇತನಹಳ್ಳಿಯಿಂದ ತಂದ ಮುದ್ದೆ ಕೋಲಿನಲ್ಲಿ ತೊಳಸತೊಡಗಿದರು. "ಗಂಟಾಯ್ತದೆ ಬಿಡೇ!" ಎಂದು ಇವರು ಕನ್ನಡದಲ್ಲಿ. ಗಂಟಾಗುತ್ತದೆ ಎಂದೇ ಇರಬೇಕು, ಅವಳು ಶೋನಾದಲ್ಲಿ. ಭಾಷಾಂತರಕ್ಕೆ ನಿಂತ ನನ್ನನ್ನು ಇಬ್ಬರೂ ಆಚೆ ಹೋಗೆಂದರು.

ಕೊನೆಗೆ ತಟ್ಟೆಯಲ್ಲಿ ಮುದ್ದೆ ಉರುಳಿತು. ಅಮಾಯಿ ಮುರಿದು, ಬೆರಳಲ್ಲಿ ಉಂಡೆ ಮಾಡಿ, ಹೆಬ್ಬೆರಳಿನಿಂದ ಕುಳಿ ಒತ್ತಿ, ಸೊಪ್ಪಿನ ಸಾರಿಗೆ ಅದ್ದಿದಳು. ಅತ್ತೆಯ ಕಣ್ಣು ತುಂಬಿ ಬಂತು. ಮರುಕ್ಷಣ ಚೀರಿದರು: "ಅಯ್ಯೋ, ಅಗೀತವ್ಳಲ್ಲಮ್ಮ!"

ರಾತ್ರಿ ನಮ್ಮವರು ವಿಷಯ ಬಿಡಿಸಿ ಹೇಳಿದರು. ರಾಗಿ ಹುಟ್ಟಿದ್ದೇ ಪೂರ್ವ ಆಫ್ರಿಕಾದ ಎತ್ತರದ ನೆಲದಲ್ಲಿ, ಇಥಿಯೋಪಿಯಾ, ಉಗಾಂಡ ಕಡೆ. ನಮ್ಮ ದೇಶಕ್ಕೆ ಬಂದು ಸಾವಿರಾರು ವರ್ಷವಾಗಿದೆ. ಅಂದರೆ ನಾವು ಆಡಿಸ್ ಅಬಾಬಾದಲ್ಲಿ ವಿಮಾನ ಬದಲಿಸಿದಾಗ ಹತ್ತು ಕೆಜಿ ರಾಗಿ ತನ್ನ ತವರಿನಲ್ಲೇ ಇಳಿದು ಹತ್ತಿತ್ತು.

"ನಿಮಗೆ ಇಂಡಾಫ್ ರಾಗಿ ನೆನಪಿದೆಯಲ್ಲಮ್ಮ?" ಎಂದು ಕೇಳಿದರು.

"ಇಂಡಾಪು! ನಿಮ್ಮಪ್ಪ ಅದನ್ನೇ ಅಲ್ವಾ ಹಾಕ್ತಿದ್ದಿದ್ದು? ತೆನೆ ಹಿಡಿದ್ರೆ ಮುಷ್ಟಿ ತುಂಬೋದು."

ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ವಿಜ್ಞಾನಿ ಮಂಡ್ಯದ ವಿ.ಸಿ. ಫಾರಂನಲ್ಲಿ ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ತಂದ ತಳಿಗಳು ಅವು. ಇಂಡಿಯಾದ ಇಂಡ್, ಆಫ್ರಿಕಾದ ಆಫ್, ಕೂಡಿ ಇಂಡಾಫ್. 1970ರ ದಶಕದಿಂದ ಕರ್ನಾಟಕದ ಕಣಗಳನ್ನು ತುಂಬಿಸಿದ್ದು ಈ ಕೂಡಾವಳಿಯೇ. ಅತ್ತೆ ಇದನ್ನು ಕೇಳಿ, ಸೆರಗು ಸರಿಮಾಡಿಕೊಂಡು, "ಹಂಗಾದ್ರೆ ಬೀಗರಾದ್ರಲ್ಲ!" ಎಂದರು. ಮಾರನೇ ಬೆಳಿಗ್ಗೆ ಅಮಾಯಿಗೆ ಮೊದಲ ಲೋಟ ಕಾಫಿ.

ಬೀಗರೆಂದ ಮೇಲೆ ಸಂಬಂಧ ವಿಚಾರಿಸಬೇಕು. ಅಮಾಯಿಯ ಕುಲ ಕೇಳಿದರು. ಶೋನಾ ಜನರಿಗೆ ನಮ್ಮ ಬೆಡಗಿನ ಹಾಗೆ ಮುಟುಪೊ ಉಂಟು, ಒಂದೇ ಮುಟುಪೊದೊಳಗೆ ಕೊಟ್ಟು ತರುವಂತಿಲ್ಲ. ಅವಳದು ಸೋಕೊ, ಅಂದರೆ ಕೋತಿ. ಅತ್ತೆ ಒಂದು ಕ್ಷಣವೂ ತಡೆಯದೆ, "ಆಂಜನೇಯನ ವಂಶ," ಎಂದು ಕೈಮುಗಿದರು. ತಾಯಿಯ ಅಕ್ಕ ಮಾಯಿಗುರು, ದೊಡ್ಡ ತಾಯಿ. ತಂಗಿ ಮಾಯಿನಿನಿ, ಚಿಕ್ಕ ತಾಯಿ. ಬಾಬಮುಕುರು ದೊಡ್ಡಪ್ಪ, ಬಾಬಮುನಿನಿ ಚಿಕ್ಕಪ್ಪ. ಹರಾರೆಯಲ್ಲಿ ಬೆಳೆದು ಎಲ್ಲರಿಗೂ ಆಂಟಿ ಅನ್ನುವ ನನ್ನ ಮಗಳಿಗೆ ದೊಡ್ಡಮ್ಮ, ಚಿಕ್ಕಮ್ಮ ಕಲಿಸಿದ್ದು ಕೊನೆಗೂ ಶೋನಾ ಭಾಷೆಯೇ.

ಆ ಹುರುಪಿನಲ್ಲಿ ಅತ್ತೆ ತಾನು ಸೋದರಮಾವನನ್ನೇ ಮದುವೆಯಾದದ್ದನ್ನು ಹೇಳಿದರು. ನಾನು ಭಾಷಾಂತರಿಸಿ ಕೆಟ್ಟೆ. ಶೋನಾದಲ್ಲಿ ತಾಯಿಯ ಅಣ್ಣತಮ್ಮಂದಿರಿಗೂ ತಾತನಿಗೂ ಒಂದೇ ಹೆಸರು, ಸೆಕುರು. ಅಮಾಯಿ ಕೈಲಿದ್ದ ಪೊರಕೆ ಬಿಟ್ಟಳು. ಮೂರು ದಿನ ಅತ್ತೆಯನ್ನು ಕನಿಕರದಿಂದ ನೋಡಿದಳು.

ಯುಗಾದಿಗೆ ಆಕೆಯೇ ಕಾಪಾಡಿದಳು. ಬೀದಿ ಕೊನೆಯ ಮರದ ಎಲೆ ಬೇವಿನ ತದ್ರೂಪು. ಅತ್ತೆ ಗೊಂಚಲು ಮುರಿದು ತಂದು ಬೆಲ್ಲಕ್ಕೆ ಕೈಹಾಕುವಷ್ಟರಲ್ಲಿ ಅಮಾಯಿ ಕಿತ್ತುಕೊಂಡಳು. ಅದು ಸಿರಿಂಗ, ನಮ್ಮಲ್ಲಿ ಹುಚ್ಚು ಬೇವು ಅನ್ನುವ ವಿಷದ ಮರ. ಆ ವರ್ಷ ಬೆಲ್ಲದ ಜೊತೆ ಮೆಂತ್ಯ ತಿಂದೆವು.

ಈಸ್ಟರ್ ಬಂತು. ಗೌರಿ ಗಣೇಶಕ್ಕೆ ಬೆಂಗಳೂರು ಖಾಲಿಯಾಗುವ ಹಾಗೆ ಹರಾರೆ ಖಾಲಿಯಾಗುತ್ತದೆ. ಎಲ್ಲರೂ ಕುಮುಷಕ್ಕೆ, ಹುಟ್ಟೂರಿಗೆ. ಅಮಾಯಿ ವಾಪಸು ಬಂದಾಗ ತಲೆ ಮೇಲೆ ಚೀಲ: ಹೊಸ ಬೆಳೆಯ ಜ್ವಿಯೊ ಹಿಟ್ಟು. ಅತ್ತೆ ಹೊರಡಲು ಹತ್ತು ದಿನವಿತ್ತು. ಅವರು ಸೆರಗೊಡ್ಡಿ ನಿಂತರು. ಅದಕ್ಕೂ ಮೊದಲು, ಯಾರೂ ಹೇಳಿಕೊಡದೆ, ಮಂಡಿ ಬಗ್ಗಿಸಿ ಬೊಗಸೆಗೈ ತಟ್ಟಿದರು, ಶೋನಾ ಹೆಂಗಸರು ಕೊಟ್ಟದ್ದನ್ನು ಪಡೆಯುವಾಗ ತಟ್ಟುವಂತೆ. ಮಡಿಲಕ್ಕಿಯ ಬದಲು ಮಡಿಲ ರಾಗಿ.

ಮತ್ತೆ ತಕ್ಕಡಿ ಬಂತು. ಮತ್ತೆ ಮೂರು ಕೆಜಿ ಜಾಸ್ತಿ. ಈ ಸಲ ಹೊರಗೆ ಬಂದದ್ದು ನಾನು ಕೊಡಿಸಿದ ಸೀರೆ.

ಮೊನ್ನೆ ಫೋನಿನಲ್ಲಿ, "ಊಟ ಆಯ್ತಾ ಅತ್ತೆ?" ಎಂದೆ.

"ನಿಂದಾಗಿದ್ರೆ ನಂದೂ ಆದಂಗೇ ಕಣಮ್ಮ," ಎಂದರು. ನನಗೆ ಗಂಟಲು ಕಟ್ಟಿತು. ಏನೋ ಹೇಳಬೇಕೆನ್ನುವಷ್ಟರಲ್ಲಿ ಅವರೇ ಕೇಳಿದರು: "ಅದಿರ್ಲಿ, ಅಮ್ಮಾಯಿ ಈಗ್ಲಾದ್ರೂ ಮುದ್ದೆ ನುಂಗ್ತಾಳಾ?"

ಅಡುಗೆಮನೆಯತ್ತ ನೋಡಿದೆ. "ಇನ್ನೂ ಅಗೀತಾಳೆ ಅತ್ತೆ."

"ಬೀಗ್ರಲ್ವಾ," ಎಂದರು, "ಏನೂ ಅನ್ನಂಗಿಲ್ಲ."