ಶ್ವೇತಮಚ್ಚೆಯ ಸಂಕಥನ: ಸೋಮನಹಳ್ಳಿ ಜಗಲಿಯ ಮನಿ ಪ್ಲಾಂಟ್, ಒಂದು ಬಹುಶಿಸ್ತೀಯ ಅನುಸಂಧಾನ

ವ್ಯಾಪ್ತಿ ಮತ್ತು ಮಿತಿ: ಪ್ರಸ್ತುತ ಅಧ್ಯಯನವು ಮದ್ದೂರು ತಾಲ್ಲೂಕಿನ ಸೋಮನಹಳ್ಳಿಗೆ ಸೀಮಿತವಾಗಿರುತ್ತದೆ. ಎಸ್.ಎಂ. ಕೃಷ್ಣ ಅವರ ಹೆಸರಿನ ಮೊದಲಕ್ಷರವಾಗಿ ವಿಧಾನಸೌಧ, ದೆಹಲಿ ಎಲ್ಲ ಸುತ್ತಿಬಂದ ಸೋಮನಹಳ್ಳಿ ಇದು. ಕನಕಪುರ ರಸ್ತೆಯ ಸೋಮನಹಳ್ಳಿ ಬೇರೆ. ಅಲ್ಲಿನ ಕುಂಡಗಳಿಗೆ ಸಂಶೋಧಕನು ಹೊಣೆಯಲ್ಲ. ಜಗಲಿಯಲ್ಲಿ ಜೋತಾಡುವ ಬಿಳಿಮಚ್ಚೆಯ ಎಲೆಯನ್ನು ಒಂದು ಪಠ್ಯವೆಂದು ಗ್ರಹಿಸಿ, ಅಂಚಿನಿಂದ ಕೇಂದ್ರದೆಡೆಗೆ ಚಲಿಸುವ ಅದರ ವರ್ಣರಾಜಕಾರಣವನ್ನು ದೇಸಿ ತಾತ್ವಿಕತೆಯ ಪರಿಪ್ರೇಕ್ಷ್ಯದಲ್ಲಿ ಮುರಿದು ಕಟ್ಟುವುದು ಇಲ್ಲಿನ ಉದ್ದೇಶ. ಈ ವಾಕ್ಯ ಅರ್ಥವಾಗದವರು ಗಾಬರಿ ಬೀಳಬೇಕಿಲ್ಲ. ಇಂಥದ್ದನ್ನೇ ಮುನ್ನೂರು ಪುಟ ಬರೆದವರಿಗೆ ನಾವು ಪದವಿ ಕೊಟ್ಟಿದ್ದೇವೆ. ವಿಚಾರ ಸಂಕಿರಣಗಳಲ್ಲಿ ಅವರು ಅದನ್ನು ಓದುವಾಗ ಮುಂದಿನ ಸಾಲಿನಲ್ಲಿ ಸಿಕ್ಕಿಬಿದ್ದು ಕೇಳಿದ್ದೇನೆ. ಹಿಂದಿನ ಸಾಲಿನವರು ಆಗಲೇ ಊಟದ ಕೂಪನ್ ಹಿಡಿದು ಎದ್ದಿರುತ್ತಿದ್ದರು.

ಪೂರ್ವಾಧ್ಯಯನಗಳ ಸಮೀಕ್ಷೆ: ಪೆಸಿಫಿಕ್ ಸಾಗರದ ಮೊರೆಯಾ ದ್ವೀಪದಿಂದ ಹೊರಟ ಈ ಬಳ್ಳಿಯನ್ನು ವಿದ್ವಾಂಸರು 1880ರಲ್ಲಿ ಪೋಥೋಸ್ ಎಂದರು, 1908ರಲ್ಲಿ ಸಿಂಡಾಪ್ಸಸ್ ಎಂದರು. ಅಪರೂಪಕ್ಕೆ ಒಂದು ಹೂ ಕಂಡದ್ದೇ ತಡ, 1962ರಲ್ಲಿ ರಾಫಿಡೋಫೋರ ಎಂದು ತಿದ್ದಿ, ಎರಡೇ ವರ್ಷಕ್ಕೆ ಎಪಿಪ್ರೆಮ್ನಮ್ ಎಂದು ಅದನ್ನೂ ಹೊಡೆದುಹಾಕಿದರು. ಸೋಮನಹಳ್ಳಿ ಇದಾವುದನ್ನೂ ಅನುಮೋದಿಸಿಲ್ಲ. ಅಲ್ಲಿ ಅದು ಮನಿ ಪ್ಲಾಂಟು. ಕದ್ದು ತಂದು ನೆಟ್ಟರೆ ಮಾತ್ರ ದುಡ್ಡು. ಗಿಡ ಮನೆಯ ಗಾಳಿಯನ್ನು ಶುದ್ಧಿ ಮಾಡುತ್ತದೆಂಬ ಇನ್ನೊಂದು ನಂಬಿಕೆಗೆ 1989ರ ನಾಸಾ ವರದಿಯ ಬೆಂಬಲವಿದೆ. ಆದರೆ ಆ ಪ್ರಯೋಗ ನಡೆದದ್ದು ಮುಚ್ಚಿದ ಪೆಟ್ಟಿಗೆಯೊಳಗೆ. ಕಿಟಕಿಯಿರುವ ಮನೆಯಲ್ಲಿ ಗಾಳಿಯಾಟವೇ ಮಾಡುವಷ್ಟು ಶುದ್ಧಿಯನ್ನು ಗಿಡಗಳು ಮಾಡಬೇಕಾದರೆ ಚದರ ಮೀಟರಿಗೆ 10ರಿಂದ 1000 ಗಿಡ ಬೇಕೆಂದು 2019ರಲ್ಲಿ ಲೆಕ್ಕ ಹಾಕಿದ್ದಾರೆ. ಅಷ್ಟು ಇಟ್ಟರೆ ಯಜಮಾನನೇ ಜಗಲಿಯಲ್ಲಿ ಮಲಗಬೇಕಾದೀತು.

ವರ್ಗೀಕರಣ. ವರ್ಗ ಒಂದು, ದ್ರವಾಶ್ರಯಿ: ಖಾಲಿ ಬಾಟಲಿಯ ನೀರಿನಲ್ಲಿ ಬದುಕುವಂಥದ್ದು (ಬಾಟಲಿ ಖಾಲಿಯಾದ ಬಗೆ ಈ ಅಧ್ಯಯನದ ಆಚೆಗಿದೆ). ವರ್ಗ ಎರಡು, ಡಬ್ಬಾಶ್ರಯಿ: ಗೃಹಪ್ರವೇಶಕ್ಕೆ ಬಳಿದು ಉಳಿದ ಪೇಂಟ್ ಡಬ್ಬದ್ದು. ವರ್ಗ ಮೂರು, ವೃಕ್ಷಾರೋಹಿ: ತೆಂಗಿನ ಮರ ಏರಿ, ಎಲೆ ಮೊರದಗಲವಾಗಿ ಸೀಳಿ, ನಾನೇ ಜಗಲಿಯ ಗಿಡವೆಂದರೆ ಯಾರೂ ನಂಬದಂತಾದದ್ದು. ವರ್ಗ ನಾಲ್ಕು... ಇರಲಿ ಬಿಡಿ, ನನಗೇ ಬೇಸರ ಬಂತು.

ತೌಲನಿಕ ಭಾಗಕ್ಕೆ ಬರೋಣ. ಗೋಲ್ಡನ್ ಎಂಬುದಕ್ಕೆ ಹಳದಿ ಪಟ್ಟೆ. ಹೇಗಿಟ್ಟರೂ ಬದುಕುತ್ತದೆ, ಆದ್ದರಿಂದ ಗೌರವವಿಲ್ಲ. ಮಾರ್ಬಲ್ ಕ್ವೀನ್‌ಗೆ ಎಲೆಯ ತುಂಬ ಬಿಳಿ ಎರಚು. ಅದಕ್ಕೆ ಫ್ಲಾರಿಡಾ ವಿಶ್ವವಿದ್ಯಾಲಯದವರು ವಿಕಿರಣ ಹಾಯಿಸಿ ಪಡೆದದ್ದು ಪರ್ಲ್ಸ್ ಅಂಡ್ ಜೇಡ್. ಮಂಜುಳ ಎಂಬ ಅಲೆಯಂಚಿನ ಅಗಲ ಎಲೆಯ ತಳಿ ಭಾರತದಲ್ಲೇ ಸಿಕ್ಕಿದ್ದು, ಪೇಟೆಂಟ್ ಮಾತ್ರ ಅಮೆರಿಕದ್ದು. ಬಿಳಿ ಹೆಚ್ಚಿದಷ್ಟೂ ಬೆಲೆ ಹೆಚ್ಚು, ಬೆಳವಣಿಗೆ ಕಡಿಮೆ. ಬಿಳಿ ಭಾಗದಲ್ಲಿ ಪತ್ರಹರಿತ್ತಿಲ್ಲ. ಅದು ಅಡುಗೆ ಮಾಡದೆ ಪಕ್ಕದ ಹಸಿರು ಮಾಡಿದ್ದನ್ನು ಉಣ್ಣುತ್ತದೆ. ಅದಕ್ಕೇ ಉಪಚಾರವೂ ಜಾಸ್ತಿ. ಬೆಳಕು ಧಾರಾಳ ಬೇಕು, ನೇರ ಬಿಸಿಲು ತಾಗಿದರೆ ಬಿಳಿಯೇ ಮೊದಲು ಸುಡುತ್ತದೆ. ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು. ದಿನಾ ಹುಯ್ದರೆ ಬೇರು ಕೊಳೆಯುತ್ತದೆ. ಕಡ್ಡಿ ನೆಡುವಾಗ ಗೆಣ್ಣು ಇರಲೇಬೇಕು, ಬರಿ ಎಲೆ ನೆಟ್ಟು ಕಾದರೆ ಬಳ್ಳಿಯಾಗುವುದಿಲ್ಲ. ಕೆಸುವಿನ ಕುಟುಂಬದ್ದಾದ್ದರಿಂದ ಅಗಿದರೆ ಬಾಯಿ ಉರಿಯುತ್ತದೆ. ಮಕ್ಕಳಿಗೂ ಬೆಕ್ಕಿಗೂ ಎಟುಕದಂತೆ ಇಡಿ.

ಕ್ಷೇತ್ರಕಾರ್ಯದಲ್ಲಿ ಒಬ್ಬ ವಕ್ತೃವಿಗೆ (ಕಬ್ಬಿನ ರೈತ, ವಯಸ್ಸಾದವರು) ಮಾರ್ಬಲ್ ಕ್ವೀನ್ ತೋರಿಸಿ ಸೌಂದರ್ಯಾನುಭವವನ್ನು ದಾಖಲಿಸಲು ಯತ್ನಿಸಲಾಯಿತು. ಅವರು ಎಲೆ ಮಗುಚಿ ನೋಡಿದರು. "ಏನ್ ಸಾ, ಎಲೆಗೆ ರೋಗ ಬಂದದಲ್ಲ. ಒಸಿ ಅನ್ನಭೇದಿ ಹೊಡೀರಿ, ಸರೋಯ್ತದೆ."

ಇಲ್ಲಿಗೆ ನನ್ನ ಸೈದ್ಧಾಂತಿಕ ಚೌಕಟ್ಟು ಕುಸಿಯಿತು. ಅವರ ಗದ್ದೆಯಲ್ಲಿ ಕಬ್ಬಿನ ಗರಿ ಬೆಳ್ಳಗಾದರೆ ಕಬ್ಬಿಣದ ಕೊರತೆ. ಅನ್ನಭೇದಿ ಕರಗಿಸಿ ಸಿಂಪಡಿಸುತ್ತಾರೆ. ಬೆಂಡೆಯ ಎಲೆಯಲ್ಲಿ ನರ ಹಳದಿ ತಿರುಗಿದರೆ ಬಿಳಿ ನೊಣ ತಂದ ನಂಜು; ಬುಡಸಮೇತ ಕಿತ್ತು ಸುಡುತ್ತಾರೆ. ಅದೇ ಮಚ್ಚೆ ಪಿಂಗಾಣಿ ಕುಂಡದಲ್ಲಿದ್ದರೆ ರಾಣಿ. 2024-25ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ಕಬ್ಬಿನ ದರ ಕ್ವಿಂಟಲಿಗೆ 340 ರೂಪಾಯಿ, ಅದೂ ಶೇ 10.25 ಸಕ್ಕರೆ ಇಳುವರಿ ಬಂದರೆ. ವರ್ಷವಿಡೀ ನಾಲೆ ನೀರು ಕಾದು, ಗೊಬ್ಬರ ಹಾಕಿ, ಕಟಾವಿನ ಆಳಿಗೆ ಕೂಲಿ ಕೊಟ್ಟು ತೂಕಕ್ಕೆ ಹಾಕಿದ ನೂರು ಕೆಜಿ ಹಸಿರಿನ ಬೆಲೆ ಅದು. ಅಂಗೈಯಗಲದ ಕುಂಡದಲ್ಲಿ ನಾಲ್ಕು ಎಲೆಯ ಮಂಜುಳಕ್ಕೆ ಪಟ್ಟಣದಲ್ಲಿ ಅಷ್ಟನ್ನು ಚೌಕಾಸಿ ಮಾಡದೆ ಕೊಡುತ್ತಾರೆ.

ಪೋಷಣೆಯ ಪುಸ್ತಕಗಳೆಲ್ಲ ಒಪ್ಪುವ ಸೂತ್ರ ಇನ್ನೊಂದಿದೆ: ಮಚ್ಚೆಯಿಲ್ಲದ ಅಪ್ಪಟ ಹಸಿರು ಕುಡಿ ಬಂದರೆ ಕೂಡಲೇ ಕತ್ತರಿಸಿ, ಬಿಟ್ಟರೆ ಅದೇ ಜೋರಾಗಿ ಬೆಳೆದು ಬಿಳಿಯನ್ನು ಮುಚ್ಚಿಬಿಡುತ್ತದೆ. ದುಡಿಯುವ ಕುಡಿಯನ್ನೇ ಹುಡುಕಿ ಹುಡುಕಿ ಕತ್ತರಿಸುವ ವಿದ್ಯೆ! ಇದಕ್ಕೆ ಯಾವ ಸಂಕಥನ, ಯಾವ ನಿರಚನ? ವಿದ್ವಾಂಸರೇ, ಸಂಕಥನ ಬೇಕಿದ್ದರೆ ಕತ್ತರಿ ಬಿದ್ದ ಕುಡಿಯಂಥವರು ಇಲ್ಲೇ ಇದ್ದಾರೆ. 1933ರಲ್ಲಿ ಹುಟ್ಟಿದ ಮಂಡ್ಯದ ಸಕ್ಕರೆ ಕಾರ್ಖಾನೆ ಮೈಷುಗರ್ ವರ್ಷಗಟ್ಟಲೆ ಬಾಗಿಲು ಹಾಕಿಕೊಂಡಿದ್ದು 2022ರಲ್ಲಿ ಮತ್ತೆ ಕಬ್ಬು ಅರೆಯಿತು. ಆ ನಡುವಿನ ವರ್ಷಗಳಲ್ಲಿ ಕಬ್ಬು ಹೊತ್ತು ಬೇರೆ ಕಾರ್ಖಾನೆಗಳ ಬಾಗಿಲು ಕಾದವರ ಮೇಲೆ ಬರೆಯಿರಿ. ಕಟಾವಿನ ಚೀಟಿ ಬಾರದೆ, ಗರಿ ಒಣಗಿ, ತೂಕ ಇಳಿಯುತ್ತ ನಿಂತ ಕಬ್ಬಿನ ಬದುವಿನ ಮೇಲೇ ಒಮ್ಮೆ ನಿಮ್ಮ ವಿಚಾರ ಸಂಕಿರಣ ಕರೆಯಿರಿ. ಊಟದ ಕೂಪನ್ ಬೇಡ. ಮುದ್ದೆ, ಉಪ್ಸಾರು ನಾವೇ ಹಾಕುತ್ತೇವೆ.