'ನಾಲ್ಕೇ ಕಾರ್ಡ್' ಗುರುಗಳ ಸನ್ನಿಧಾನಕ್ಕೆ



ಹೆಸರು ಹಿಡಿದು ಬರೆಯುತ್ತಿಲ್ಲ, ತಾವು ಒಬ್ಬರಲ್ಲವಲ್ಲ. ಮೊಬೈಲ್ ಪರದೆಯಲ್ಲಿ ಗಿಟಾರ್ ಹಿಡಿದು ಕೂತು, ನಾಲ್ಕೇ ಕಾರ್ಡ್ ಸಾಕು ಎಂದು ಹಳೆಯ ಹಿಂದಿ ಪ್ರೇಮಗೀತೆಗಳನ್ನು ಕಲಿಸುವ ಎಲ್ಲರಿಗೂ ಸೇರಿಸಿ ಈ ಪತ್ರ. ಗಿಟಾರ್ ಮೇಷ್ಟ್ರೇ ಇಲ್ಲದ ಊರುಗಳ ಮಕ್ಕಳಿಗೆ ತಾವೇ ದಿಕ್ಕು. ಫೀಸು ಕೇಳುವುದಿಲ್ಲ, ಗದರುವುದಿಲ್ಲ, ಒಂದೇ ಪಾಠವನ್ನು ಎಷ್ಟು ಸಲ ಹಾಕಿದರೂ ಬೇಸರವಿಲ್ಲ. ಈ ಋಣ ತೀರುವಂಥದ್ದಲ್ಲ. ಆ ಋಣವನ್ನು ತಲೆಯ ಮೇಲೆ ಹೊತ್ತುಕೊಂಡೇ ಕೆಲವು ಅರಿಕೆಗಳು.

ನನ್ನ ಅಕ್ಕನ ಮಗಳು ತಮ್ಮಿಂದ ಕಲಿಯುತ್ತಿರುವುದು 'ಚುರಾ ಲಿಯಾ'. 1973ರ 'ಯಾದೋಂ ಕೀ ಬಾರಾತ್' ಚಿತ್ರದ ಹಾಡು. ಆರ್.ಡಿ. ಬರ್ಮನ್ ಸಂಗೀತ, ಮಜ್ರೂಹ್ ಸುಲ್ತಾನ್‌ಪುರಿ ಸಾಹಿತ್ಯ, ಆಶಾ ಭೋಸ್ಲೆ ಮತ್ತು ರಫಿ ಕಂಠ. ಗಾಜಿನ ಲೋಟ ಕಿಣಿಕಿಣಿ ಎನ್ನುತ್ತದೆ, ಬೆನ್ನಿಗೇ ಗಿಟಾರ್ ಬರುತ್ತದೆ, ಆಶಾ ಇನ್ನೂ ಬಾಯಿ ತೆರೆದಿರುವುದಿಲ್ಲ. ಅಷ್ಟರಲ್ಲಿ ಕೇಳಿದವರಿಗೆಲ್ಲ ಹಾಡು ಯಾವುದೆಂದು ಗೊತ್ತಾಗಿರುತ್ತದೆ. ಆ ಭಾಗ ಕಷ್ಟ, ನೇರ ಪಲ್ಲವಿಗೆ ಹೋಗೋಣ ಎಂದು ತಾವು ಕೃಪೆಯಿಂದ ದಾಟಿಸಿಬಿಟ್ಟಿರಿ. ಗಿಟಾರ್ ಕಲಿಯಲು ಕೂತ ಹುಡುಗಿಗೆ ಹಾಡಿನಲ್ಲಿದ್ದ ಗಿಟಾರೇ ಸಿಗಲಿಲ್ಲ, ಸ್ವಾಮಿ.

ಬಿ-ಸೆವೆನ್ ವಿಷಯದಲ್ಲಂತೂ ತಮ್ಮ ಕರುಣೆ ಇನ್ನೂ ದೊಡ್ಡದು. ಇ ಮೈನರ್‌ನಲ್ಲಿ ನುಡಿಸುವಾಗ ಸಾಲು ತಿರುಗಿ ಇ ಮೈನರ್‌ಗೆ ಬಂದು ನಿಲ್ಲುವ ಮುಂಚೆ ಬರಬೇಕಾದ ಕಾರ್ಡ್ ಅದು. ಬೆರಳು ನೋಯುತ್ತದೆ, ಬದಲಿಗೆ ಡಿ ಹಾಕಿಕೊಳ್ಳಿ ಎಂದಿರಿ. ನೋಯುತ್ತದೆ, ನಿಜ. ಉಂಗುರ ಬೆರಳು ಮೂರನೇ ತಂತಿಯ ಮೇಲೆ, ಕಿರುಬೆರಳು ಮೊದಲನೇ ತಂತಿಯ ಮೇಲೆ. ನಡುವಿನ ಎರಡನೇ ತಂತಿಗೆ ಯಾವ ಬೆರಳೂ ತಾಗಬಾರದು. ಹುಡುಗಿಯ ಕಿರುಬೆರಳು ನಡುಗುತ್ತಿತ್ತು, ಆ ತಂತಿ ಬರೀ 'ಟಪ್' ಅನ್ನುತ್ತಿತ್ತು. ಆದರೆ ತೋರುಬೆರಳು ನಾಲ್ಕನೇ ತಂತಿಯ ಮೊದಲನೇ ಫ್ರೆಟ್ ಒತ್ತಿ ಹಿಡಿದಿರುತ್ತದಲ್ಲ, ಅಲ್ಲಿ ಹೊರಡುವುದು ಡಿ ಶಾರ್ಪ್. ಇ ಸ್ವರಕ್ಕೆ ಅರ್ಧ ಹೆಜ್ಜೆ ಕೆಳಗೆ ನಿಂತು ಅದರತ್ತ ಎಳೆಯುವ ಸ್ವರ. ಡಿ ಕಾರ್ಡ್ ಹಾಕಿದರೆ ನಾಲ್ಕನೇ ತಂತಿ ಖಾಲಿ, ಆ ಸ್ವರವೂ ಇಲ್ಲ, ಎಳೆತವೂ ಇಲ್ಲ. ಬೆರಳಿನ ನೋವು ತಪ್ಪಿತು. ಹಾಡಿನೊಳಗಿನ ಆ ಹಂಬಲವೂ ಹೋಯಿತು. ಬೆರಳ ತುದಿ ಕೆಲವು ವಾರಗಳಲ್ಲಿ ಜಡ್ಡುಗಟ್ಟುತ್ತದೆ, ಆಮೇಲೆ ಅಷ್ಟು ನೋಯುವುದಿಲ್ಲ ಎಂಬ ಒಂದು ಮಾತು ತಾವು ಹೇಳಿದ್ದರೆ ಮಕ್ಕಳು ತಡೆದುಕೊಳ್ಳುತ್ತಿದ್ದರು.

ಸುಲಭ ಮಾಡಿ ಕಲಿಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಸಂಗೀತ ಪಾಠವೂ ಸರಳೆ ವರಸೆಯಿಂದಲೇ ಶುರುವಾಗುತ್ತದೆ. ಆದರೆ ಸರಳೆ ಹೇಳಿಕೊಟ್ಟು, 'ಕೃತಿ ಮುಗಿಯಿತು ಮಗಾ, ಮನೆಗೆ ಹೋಗು' ಎಂದು ಯಾವ ಮೇಷ್ಟ್ರೂ ಕಳಿಸುವುದಿಲ್ಲ.

ಶ್ರುತಿ ಏರಿಸುವ ಕ್ಯಾಪೊ ಕ್ಲಿಪ್ಪನ್ನು ಯಾವ ಫ್ರೆಟ್‌ಗೆ ಹಾಕಬೇಕೆಂದು ತಪ್ಪದೆ ಅಪ್ಪಣೆ ಕೊಡುತ್ತೀರಿ, ಧನ್ಯಳಾದೆ. ಅದು ತಮ್ಮ ಕಂಠಕ್ಕೆ ಹೊಂದುವ ಶ್ರುತಿ. ಕಲಿಯುವವರು ತಮ್ಮ ತಮ್ಮ ಕಂಠಕ್ಕೆ ತಕ್ಕಂತೆ ಬದಲಿಸಿಕೊಳ್ಳಬಹುದು ಎಂದೂ ಅಪ್ಪಣೆಯಾಗಲಿ. ಎಲ್ಲ ಪ್ರೇಮಗೀತೆಗೂ ಒಂದೇ ಡೌನ್-ಡೌನ್-ಅಪ್ ಹೊಡೆತ ಏಕೆಂಬುದನ್ನೂ ಎಂದಾದರೂ ತಿಳಿಸಿಕೊಡಿ.

ನನಗೆ ನಿಜಕ್ಕೂ ನೋವಾಗಿರುವುದು ಇನ್ನೊಂದು ಸಂಗತಿಗೆ. ತೆರೆಯ ಮೇಲೆ ಬಿಳಿ ಉಡುಪಿನ ಜೀನತ್ ಅಮಾನ್ ಗಿಟಾರ್ ಹಿಡಿದಿದ್ದಾರೆ. ತಾವು ಆ ದೃಶ್ಯ ತೋರಿಸಿದಿರಿ, ಉಡುಪನ್ನು ಹೊಗಳಿದಿರಿ, ಬರ್ಮನ್‌ಗೆ ಕೈಮುಗಿದಿರಿ. ಧ್ವನಿಮುದ್ರಣದಲ್ಲಿ ಆ ಗಿಟಾರ್ ನುಡಿಸಿದವರು ಭೂಪಿಂದರ್ ಸಿಂಗ್. 'ದಮ್ ಮಾರೋ ದಮ್' ಹಾಡಿನ ಗಿಟಾರ್ ಕೂಡ ಅವರದೇ. ಗಜಲ್ ಗಾಯಕರಾಗಿ ದೇಶಕ್ಕೆಲ್ಲ ಪರಿಚಿತರು, 2022ರಲ್ಲಿ ತೀರಿಕೊಂಡರು. ಆ ಕಾಲದ ಚಿತ್ರಗಳ ಶೀರ್ಷಿಕೆಯಲ್ಲಿ ವಾದ್ಯ ನುಡಿಸಿದವರ ಹೆಸರು ಸಾಮಾನ್ಯವಾಗಿ ಬರುತ್ತಿರಲಿಲ್ಲ. ಅಲ್ಲಿ ಬರಲಿಲ್ಲ, ಸರಿ. ಅವರದೇ ಗಿಟಾರ್ ಕಲಿಸುವ ಪಾಠದಲ್ಲೂ ಬರಬಾರದೇ? ಹುಡುಗಿಗೆ ನಾನು ಹೇಳಿದಾಗ, 'ಹಾಡೋ ಭೂಪಿಂದರ್ ಗಿಟಾರೂ ನುಡಿಸ್ತಿದ್ರಾ ಚಿಕ್ಕಮ್ಮ?' ಎಂದು ಕಣ್ಣರಳಿಸಿದಳು. ಆಮೇಲೆ ಬಿಟ್ಟಿದ್ದ ಆ ಶುರುವಿನ ಭಾಗವನ್ನು ತಾನೇ ಕಿವಿಗೊಟ್ಟು ಕೇಳಿ, ಒಂದೊಂದೇ ತಂತಿ ಮೀಟಿ ಹುಡುಕತೊಡಗಿದಳು.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ. ಬಿ-ಸೆವೆನ್ ಅನ್ನು ಅದರ ಜಾಗಕ್ಕೆ ವಾಪಸು ತನ್ನಿ. ಶುರುವಿನ ಗಿಟಾರಿಗೆ ಬೇರೆಯೇ ಒಂದು ಪಾಠ ಮಾಡಿ, ನಿಧಾನವಾಗಿ, ಬೆರಳು ಕಾಣುವ ಹಾಗೆ. ಎಷ್ಟು ಉದ್ದವಾದರೂ ಕೂತು ನೋಡುತ್ತೇವೆ. ಪಾಠ ಆರಂಭಿಸುವ ಮುನ್ನ ಭೂಪಿಂದರ್ ಸಿಂಗ್ ಹೆಸರು ಹೇಳಿ.

ಇಂತಿ,
ತಮ್ಮ ಶಿಷ್ಯೆಯೊಬ್ಬಳ ಚಿಕ್ಕಮ್ಮ