ಅಂಧೇರಿಯ ಭಾವಯ್ಯ

ಉಡುಪಿ–ಕುಂದಾಪುರದ ಕಡೆಯ ಮನೆತನಗಳಲ್ಲಿ ಮುಂಬಯಿಯ ಭಾವಯ್ಯನೊಬ್ಬನಿಲ್ಲದ ಮನೆತನ ವಿರಳ. ಬಾಲ್ಯದಲ್ಲಿ ಹೋಟೆಲಿನ ಕೆಲಸಕ್ಕೆ ಹೋಗಿ, ರಾತ್ರಿಶಾಲೆಯಲ್ಲಿ ಓದಿ, ಬ್ಯಾಂಕಿನ ಗುಮಾಸ್ತನಾಗಿ ನಿವೃತ್ತನಾದ ಆ ಮಹನೀಯನು ಅಂಧೇರಿಯಲ್ಲಿ ಎರಡು ಕೋಣೆಗಳ ಮನೆಯನ್ನೂ, ಊರಿನವರನ್ನೆಲ್ಲ ಅದರಲ್ಲಿ ಇಳಿಸಿಕೊಳ್ಳುವ ಔದಾರ್ಯವನ್ನೂ ಸಂಪಾದಿಸಿರುತ್ತಾನೆ. “ನಾಲ್ಕು ದಿನ ಆರಾಮಾಗಿ ಇದ್ದು ಹೋಗಿ, ಅರ್ಜೆಂಟು ಏನೂ ಇಲ್ಲ” ಎಂದು ಆತನು ಫೋನಿನಲ್ಲಿ ಆಡುವ ಮಾತಿನಲ್ಲಿ ಕಪಟದ ಲವಲೇಶವೂ ಇಲ್ಲ. ಆದರೆ ಆಯುಷ್ಯವಿಡೀ ಲೋಕಲ್ ಗಾಡಿ ಹಿಡಿದವನ ಆರಾಮಕ್ಕೂ ವೇಳಾಪಟ್ಟಿಯುಂಟೆಂಬುದು ಅತಿಥಿಗಳಿಗೆ ವಿದಿತವಾಗುವುದು ಮರುದಿನ ಬೆಳಗಿನ ಐದೂವರೆಗೆ, ಗೀಸರ್ ಹಾಕಿದ್ದೇನೆಂಬ ಘೋಷಣೆಯೊಡನೆ.

ಎಲಿಫೆಂಟಾ ಗುಹೆಗಳು ಸೋಮವಾರ ಮುಚ್ಚಿರುವುದರಿಂದ ಅದು ಭಾನುವಾರಕ್ಕೆ. ಭಾನುವಾರ ರೈಲುಹಳಿಯ ದುರಸ್ತಿಯೆಂದು ಬ್ಲಾಕ್ ಇರುವುದರಿಂದ ಶನಿವಾರಕ್ಕೆ. ಮಂಗಳವಾರ ಸಿದ್ಧಿವಿನಾಯಕನ ಸನ್ನಿಧಿಯಲ್ಲಿ ಕಾಲಿಡಲು ಜಾಗವಿರದ್ದರಿಂದ ಅದು ಬುಧವಾರಕ್ಕೆ. ದಾರಿಯಲ್ಲಿ ಮಾಟುಂಗಾದಲ್ಲಿ ಇಳಿದು, 1942ರಿಂದ ನಡೆದುಬಂದಿರುವ ರಾಮ ನಾಯಕರ ಉಡುಪಿ ಹೋಟೆಲಿನಲ್ಲಿ ಊಟ. ಊಟಕ್ಕೆಂದು ಉಡುಪಿಯಿಂದ ಉಡುಪಿಗೇ ಬಂದಂತಾಯಿತಲ್ಲ ಎಂದು ಯಾರೂ ಬಾಯಿ ಬಿಡಲಾರರು. ಪ್ಲಾಟ್‌ಫಾರ್ಮಿನಲ್ಲಿ ಮಹಿಳೆಯರ ಡಬ್ಬಿ ನಿಲ್ಲುವ ಜಾಗವನ್ನು ಹೆಜ್ಜೆ ಎಣಿಸಿ ಗುರುತಿಸಿ, “ಅತ್ತೇ, ಈ ಕಂಬ ಬಿಟ್ಟು ಕದಲಬೇಡಿ, ಬರುವಾಗ ವಿರಾರ್ ಫಾಸ್ಟ್ ಮಾತ್ರ ಹತ್ತಬೇಡಿ, ಅಂಧೇರಿಯಲ್ಲಿ ಇಳಿಯಲಿಕ್ಕೆ ಅವರು ಬಿಡುವುದಿಲ್ಲ” ಎಂದು ಆತನು ಉಪದೇಶಿಸುವಾಗಿನ ಗಾಂಭೀರ್ಯವು ಯುದ್ಧಭೂಮಿಗೆ ಯೋಗ್ಯವಾದುದು.

ಇನ್ನು ಸೋಮವಾರ. ಎಲಿಫೆಂಟಾವೂ ಇಲ್ಲ, ಕಾನ್ಹೇರಿಯೂ ಇಲ್ಲ. ಆದಕಾರಣ ವೇಳಾಪಟ್ಟಿಯ ಕಾಗದದಲ್ಲಿ ಆ ದಿನದೆದುರು “ನಿಮ್ಮಿಷ್ಟ” ಎಂದು ಉದಾರವಾಗಿ ಬರೆದಿರುತ್ತಾನೆ. ಕಳೆದ ಸಲ ಅತ್ತೆಯವರು ಆ ಪದವನ್ನು ಅಕ್ಷರಶಃ ನಂಬಿ, ಕಟ್ಟಡಗಳ ಸಂದಿಯಲ್ಲಿ ಕಾಣುವ ಆ ಕರಿಬಂಡೆ ಏನೆಂದು ಕೇಳಿಬಿಟ್ಟರು. ಅದು ಗಿಲ್ಬರ್ಟ್ ಹಿಲ್, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾರಸ ಆರಿ ನಿಂತ, ಸುಮಾರು 200 ಅಡಿ ಎತ್ತರದ ಬಸಾಲ್ಟ್ ಸ್ತಂಭ. ಅದರ ನೆರೆಯಲ್ಲೇ ಸಂಸಾರ ಹೂಡಿದ್ದ ಭಾವಯ್ಯನು ಅದನ್ನು ಹತ್ತಿರಲಿಲ್ಲ. ರೈಲು ಹಿಡಿಯಬೇಕಿಲ್ಲದ ಸ್ಥಳವು ಪ್ರೇಕ್ಷಣೀಯವಾದೀತೆಂಬ ಶಂಕೆಯೇ ಆತನಿಗೆ ಬಂದಿರಲಿಲ್ಲವೆಂದು ನನ್ನ ಊಹೆ.

ಕಲ್ಲಿನ ಮೆಟ್ಟಿಲುಗಳನ್ನೇರಿ, ಮೇಲಿನ ಗುಡಿಯ ಗಾಂವ್‌ದೇವಿಗೆ ಕೈಮುಗಿದು, ಅತ್ತೆ ನೆರಳಿನಲ್ಲಿ ಕುಳಿತರು. ಹತ್ತು ನಿಮಿಷವಾಯಿತೆಂದು ಭಾವಯ್ಯ ಗಡಿಯಾರ ತೋರಿಸಿದ. “ನೀನು ಹೋಗು ಮಾರಾಯ, ನಾನು ಆಮೇಲೆ ಬರ್ತೇನೆ” ಎಂದರು ಅತ್ತೆ. ಹೋಗುವುದಾದರೂ ಎಲ್ಲಿಗೆ? ಕೆಲಹೊತ್ತು ಚಡಪಡಿಸಿ, ತಾನೂ ಕುಳಿತು, ಜೇಬಿನಿಂದ ಕಾಗದ ತೆಗೆದು, ಮುಂದಿನ ಅತಿಥಿಗಳ ಅನುಕೂಲಕ್ಕೆಂದು ಬರೆದುಕೊಂಡ: “ಸೋಮವಾರ, 4.10ರಿಂದ 4.35. ಸುಮ್ಮನೆ ಕೂರುವುದು.”